ಆಡಿಷನ್‌ನಲ್ಲಿ ಆಯ್ಕೆ ಆಗಲಿಲ್ಲ ಅಂದರೆ ಸಂಗೀತ ಬರಲ್ಲ ಅಂತಾನಾ?

"ಸರ್, ಟಿವಿ ಆಡಿಷನ್‌ನಾಗ ಸೆಲೆಕ್ಟ್ ಆಗ್ಲಿಲ್ರಿ. ಹಂಗಾದ್ರ ನಮ್ಮ ಹುಡುಗಿಗಿ ಸಂಗೀತ ಬರಂಗಿಲ್ಲ ಅಂತೇನ್ರಿ?"

ಕಲಬುರಗಿಯಲ್ಲಿ ಮಕ್ಕಳಿಗೆ ಹಾಡು ಕಲಿಸುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಎಷ್ಟು ಸಲ ಉತ್ತರ ಕೊಟ್ಟೆನೋ ಲೆಕ್ಕ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ, ಖಂಡಿತ ಹಾಗಲ್ಲ.

ಆಡಿಷನ್ ಅಂದರೆ ಸಂಗೀತದ ಪರೀಕ್ಷೆ ಅಂತ ಎಲ್ಲರೂ ನಂಬಿಬಿಟ್ಟಿದ್ದಾರೆ. ಪರೀಕ್ಷೆಗೆ ಒಂದು ಪಠ್ಯ ಇರುತ್ತೆ, ಅಂಕ ಇರುತ್ತೆ. ಪಾಸಾಗುವಷ್ಟು ಹಾಡಿದವರೆಲ್ಲ ಪಾಸು. ಜೂನಿಯರ್, ಸೀನಿಯರ್ ಸಂಗೀತ ಪರೀಕ್ಷೆ ಹಾಗೇ ನಡೆಯುತ್ತೆ. ಆಕಾಶವಾಣಿಯಲ್ಲೂ ಬಿ, ಬಿ ಹೈ, ಎ, ಟಾಪ್ ಅಂತ ಗ್ರೇಡ್ ಇದೆ. ಪಕ್ಕದವರು ಚೆನ್ನಾಗಿ ಹಾಡಿದರು ಅಂತ ನಿಮ್ಮ ಗ್ರೇಡ್ ಇಳಿಯಲ್ಲ.

ಟಿವಿಯಲ್ಲಿ ಜಾಗಗಳೇ ಎಣಿಸಿದಷ್ಟು. ಒಂದು ಕಾರ್ಯಕ್ರಮ ಕಟ್ಟಲು ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಊರಿನವರು, ಬೇರೆ ಬೇರೆ ದನಿಯವರು ಬೇಕು. ಜಾನಪದ ಹಾಡುವ ಇಬ್ಬರು ಹುಡುಗಿಯರು ಆಗಲೇ ಸಿಕ್ಕಿದ್ದರೆ ಮೂರನೆಯವಳು ಎಷ್ಟೇ ಚೆನ್ನಾಗಿ ಹಾಡಲಿ, ಜಾಗ ಸಿಗೋದು ಕಷ್ಟ. ಹಾಡುವವರ ಮನೆಯ ಕಥೆಯೂ ಬೇಕು. ಜನ ಚಾನೆಲ್ ಬದಲಿಸದೆ ಕೂತರೆ ಟಿಆರ್‌ಪಿ, ಟಿಆರ್‌ಪಿ ಬಂದರೆ ಜಾಹೀರಾತು. ಅದು ಅವರ ಕಸುಬು, ಅದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಬಂದ 'ಇಲ್ಲ' ಎಂಬ ಮಾತನ್ನು ಮಗುವಿನ ಕಂಠಕ್ಕೆ ಕೊಟ್ಟ ಮಾರ್ಕ್ಸ್ ಅಂತ ಯಾಕೆ ಓದುತ್ತೀರಿ? ಟಿವಿಯಲ್ಲಿ ಕೇಳುವ ದನಿ ಮೈಕು, ವಾದ್ಯಮೇಳ, ಮಿಕ್ಸಿಂಗ್ ಎಲ್ಲ ದಾಟಿ ಬಂದದ್ದು. ಅದರ ಪಕ್ಕದಲ್ಲಿ ಮನೆಯಲ್ಲಿ ಹಾಡುವ ಮಗುವನ್ನು ನಿಲ್ಲಿಸಿ ತೂಗಬೇಡಿ.

ಈ ನಂಬಿಕೆಯಿಂದ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಹತ್ತಿರ ಹನ್ನೊಂದು ವರ್ಷದ ಹುಡುಗಿ ಬರುತ್ತಾಳೆ. ಅಮಾವಾಸ್ಯೆ ಭಜನೆಯಲ್ಲಿ ಅಜ್ಜನ ಪಕ್ಕ ಕೂತು, ತಾಳ ಹಿಡಿದು, ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದಳು. ಕಣ್ಣು ಮುಚ್ಚಿ ಹಾಡುವುದು ಅವಳ ರೂಢಿ. ಆಡಿಷನ್‌ಗೆ ಹೋಗಿ ಬಂದ ಮೇಲೆ ಕಣ್ಣು ಮುಚ್ಚುವುದೇ ಬಿಟ್ಟಳು. ಒಂದು ಸಾಲು ಹಾಡಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು, ತೀರ್ಪು ಕಾಯುವವರ ಹಾಗೆ. ಭಜನೆಗೂ ಹೋಗಲಿಲ್ಲ. "ಅಲ್ಲಿ ಯಾರು ನೋಡ್ತಾರ್ರಿ ಸರ್" ಅಂದಳು. ಅಜ್ಜನಿಗೆ ಈ ಮಾತು ನಾನು ಹೇಳಲಿಲ್ಲ. ಮತ್ತೆ ಕಣ್ಣು ಮುಚ್ಚಿ ಒಂದು ಪದ ಪೂರ್ತಿ ಹಾಡಲು ಅವಳಿಗೆ ನಾಲ್ಕು ತಿಂಗಳು ಬೇಕಾಯಿತು.

ಆಯ್ಕೆ ಆಗದಿದ್ದರೆ ಏನು ಅಂತ ಎಲ್ಲರೂ ಕೇಳುತ್ತಾರೆ. ಆಯ್ಕೆ ಆದರೆ ಏನು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. ಅದರ ಪ್ರಕಾರ ಟಿವಿ ಕಾರ್ಯಕ್ರಮದಲ್ಲಿ 14 ವರ್ಷದೊಳಗಿನ ಮಗುವಿಂದ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಇಲ್ಲ, ಶಾಲೆ ತಪ್ಪಬಾರದು. ಸಿಗುವ ಹಣದಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಕಾರ್ಯಕ್ರಮ ಮಾಡುವವರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿಯನ್ನೂ ಪಡೆಯಬೇಕು.

ಕರೆ ಬಂತು ಅಂತ ಪೇಢಾ ಹಂಚುವ ಮೊದಲು ಆ ಅನುಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ.