ಎರಡು ಬಾಗಿಲು ದಾಟಬೇಕಾದ ನೀಲಿ ಪುಸ್ತಕ

ಭಾರತದ ಪಾಸ್‌ಪೋರ್ಟ್ ತೆರೆದರೆ ಒಳಪುಟದಲ್ಲಿ ಒಂದು ಉದ್ದನೆಯ ವಾಕ್ಯ ಕಾಣುತ್ತದೆ. ಈ ಪುಸ್ತಕ ಹಿಡಿದು ಬಂದವರನ್ನು ಅಡ್ಡಿ ಆತಂಕವಿಲ್ಲದೆ ಓಡಾಡಲು ಬಿಡಿ, ಬೇಕಾದರೆ ನೆರವು ಕೊಡಿ, ರಕ್ಷಣೆ ಕೊಡಿ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಲೋಕದ ಎಲ್ಲರನ್ನೂ ಕೋರುವ ವಾಕ್ಯ ಅದು. ಬಹುಪಾಲು ದೇಶಗಳು ಈ ಕೋರಿಕೆಗೆ ಕೊಡುವ ಉತ್ತರ ಬೇರೆಯೇ ಇದೆ: ಅರ್ಜಿ ಹಾಕಿ, ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ, ಬೆರಳಚ್ಚು ಕೊಡಿ, ಕಾಯಿರಿ. ಹೀಗೇಕೆ ಎಂದು ಕೇಳಿದರೆ "ನಮ್ಮ ಪಾಸ್‌ಪೋರ್ಟ್ ದುರ್ಬಲ, ಅದಕ್ಕೆ" ಅನ್ನುವವರೇ ಹೆಚ್ಚು. ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಪಾಸ್‌ಪೋರ್ಟ್ ಇನ್ನೂ ಕಡ್ಡಾಯವಾಗಿರದ ಕಾಲಕ್ಕೆ, ಕೆನಡಾದ ಪಶ್ಚಿಮ ಕರಾವಳಿಗೆ ಹೋಗಬೇಕು.

1908ರಲ್ಲಿ ಕೆನಡಾ ಒಂದು ನಿಯಮ ತಂದಿತು. ವಲಸೆ ಬರುವವರು ತಮ್ಮ ದೇಶದಿಂದ ನಡುವೆ ಎಲ್ಲೂ ಪ್ರಯಾಣ ಮುರಿಯದೆ, ಊರಲ್ಲೇ ತೆಗೆದ ನೇರ ಟಿಕೆಟಿನಲ್ಲಿ ಬಂದಿರಬೇಕು. ನಿಯಮದಲ್ಲಿ ಭಾರತದ ಹೆಸರೇ ಇರಲಿಲ್ಲ. ಆದರೆ ಭಾರತದಿಂದ ಅಲ್ಲಿಗೆ ಅಂಥ ನೇರ ಹಡಗಿನ ವ್ಯವಸ್ಥೆಯೂ ಇರಲಿಲ್ಲ. ಯಾರನ್ನು ತಡೆಯಬೇಕೋ ಅವರ ಹೆಸರೆತ್ತದೆ ತಡೆಯುವ ಈ ಜಾಣತನವನ್ನು ಮುಂದಿನ ನೂರು ವರ್ಷಗಳಲ್ಲಿ ಬೇಕಾದಷ್ಟು ದೇಶಗಳು ಕಲಿತವು.

ಗುರುದಿತ್ ಸಿಂಗ್ ಎಂಬುವರು ಆ ನಿಯಮವನ್ನು ಎದುರಿಸಲೆಂದೇ ಕೋಮಗಾಟ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದರು. 1914ರ ಮೇ 23ರಂದು ಅದು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿತು. ಸಿಖ್ಖರು, ಮುಸ್ಲಿಮರು, ಹಿಂದೂಗಳು ಎಲ್ಲರೂ ಅದರಲ್ಲಿದ್ದರು. ಕೆನಡಾವನ್ನು ಆಳುತ್ತಿದ್ದ ದೊರೆಯೇ ಅವರನ್ನೂ ಆಳುತ್ತಿದ್ದ. ಆದರೂ ಎರಡು ತಿಂಗಳು ದಡ ಕಾಣುವಷ್ಟು ಹತ್ತಿರದಲ್ಲಿ ಅವರನ್ನು ನೀರಿನಲ್ಲೇ ನಿಲ್ಲಿಸಿದರು. ಇಳಿಯಲು ಬಿಟ್ಟದ್ದು ಇಪ್ಪತ್ತನಾಲ್ಕು ಜನರನ್ನು ಮಾತ್ರ. ಜುಲೈ 23ರಂದು ಹಡಗು ಹಿಂದಿರುಗಿತು. ಸೆಪ್ಟೆಂಬರ್ 29ರಂದು ಕಲ್ಕತ್ತೆಯ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ ಸುಮಾರು ಇಪ್ಪತ್ತು ಮಂದಿ ಸತ್ತರು. ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2016ರಲ್ಲಿ. ವೀಸಾ ಎಂಬ ಪದ ಆ ಕಥೆಯಲ್ಲಿ ಎಲ್ಲೂ ಬರುವುದಿಲ್ಲ, ಆದರೆ ವೀಸಾದ ಹಿಂದಿರುವ ಭಯ ಪೂರ್ತಿಯಾಗಿ ಅಲ್ಲಿದೆ: ಇವರು ಬಂದರೆ ಹಿಂದಿರುಗುವುದಿಲ್ಲ.

ಮೊದಲ ಮಹಾಯುದ್ಧದ ತುರ್ತಿನಲ್ಲಿ ಪಾಸ್‌ಪೋರ್ಟ್ ಕಡ್ಡಾಯವಾಯಿತು. 1920ರ ಪ್ಯಾರಿಸ್ ಸಮ್ಮೇಳನದಲ್ಲಿ, ಇಂದಿನ ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘ ಪುಸ್ತಕದ ಮಾದರಿ ನಿಗದಿ ಮಾಡಿತು. ಯುದ್ಧ ಮುಗಿದರೂ ಪುಸ್ತಕ ಉಳಿಯಿತು.

ಸ್ವಾತಂತ್ರ್ಯ ಬಂದಾಗ ಬ್ರಿಟನ್ ಬಾಗಿಲು ನಮಗೆ ತೆರೆದೇ ಇತ್ತು ಎಂದರೆ ಇವತ್ತಿನವರು ನಂಬಲಿಕ್ಕಿಲ್ಲ. 1948ರ ಬ್ರಿಟಿಷ್ ಪೌರತ್ವ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿಗೆ ಹೋಗಿ ನೆಲೆಸಬಹುದಿತ್ತು. ಅಡ್ಡಿ ಇದ್ದದ್ದು ಇತ್ತ ಕಡೆ. ಓದು, ಹಣ ಇಲ್ಲದವರಿಗೆ ಪಾಸ್‌ಪೋರ್ಟ್ ಕೊಡಲು ನಮ್ಮ ಸರ್ಕಾರವೇ ಹಿಂದೇಟು ಹಾಕುತ್ತಿತ್ತು. ಪಾಸ್‌ಪೋರ್ಟ್ ಆಗ ಹಕ್ಕಾಗಿರಲಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಕೊಡುವ, ಬೇಡವೆನಿಸಿದರೆ ಕಿತ್ತುಕೊಳ್ಳುವ ವಸ್ತುವಾಗಿತ್ತು. ಹೊರಗಿನ ಬಾಗಿಲಿನ ಬಗ್ಗೆ ಮಾತಾಡುವಾಗ ಒಳಗಿನ ಈ ಬಾಗಿಲನ್ನು ನಾವು ಮರೆತುಬಿಡುತ್ತೇವೆ.

ಅದನ್ನು ಅಲುಗಿಸಿದ್ದು ಸತ್ವಂತ್ ಸಿಂಗ್ ಸಾಹ್ನಿ ಎಂಬ ಉದ್ಯಮಿ. ಪಾಸ್‌ಪೋರ್ಟ್ ಹಿಂದಿರುಗಿಸಿ ಎಂದ ಸರ್ಕಾರದ ವಿರುದ್ಧ ಅವರು ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದರು. ಅಲ್ಲಿಯವರೆಗೆ ಅಂಥದ್ದೊಂದು ಕಾನೂನೇ ಇರಲಿಲ್ಲ! ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಹತ್ತು ವರ್ಷದ ನಂತರ ಮೇನಕಾ ಗಾಂಧಿ ಅವರ ಪಾಸ್‌ಪೋರ್ಟನ್ನು ಕಾರಣ ತಿಳಿಸದೆ ಮುಟ್ಟುಗೋಲು ಹಾಕಿಕೊಂಡಾಗ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಕಾನೂನು ಇದ್ದರೆ ಸಾಲದು, ಅದರ ವಿಧಾನ ನ್ಯಾಯಯುತವಾಗಿರಬೇಕು ಎಂಬ 1978ರ ಆ ತೀರ್ಪು ಪಾಸ್‌ಪೋರ್ಟಿನಾಚೆಗೂ ನಮ್ಮೆಲ್ಲರನ್ನು ಕಾಯುತ್ತಿದೆ.

ಆದರೂ ಒಳಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿಲ್ಲ. 1983ರ ವಲಸೆ ಕಾಯ್ದೆಯಡಿ ಬೆಳೆದ ಇಸಿಆರ್, ಅಂದರೆ "ವಲಸೆ ತಪಾಸಣೆ ಬೇಕು" ಎಂಬ ಮುದ್ರೆ ಇನ್ನೂ ಇದೆ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸಾಮಾನ್ಯವಾಗಿ ಸರ್ಕಾರದ ಅನುಮತಿ ಬೇಕು. ಏಜೆಂಟರ ಮೋಸದಿಂದ ಕಾಪಾಡುವುದು ಇದರ ಉದ್ದೇಶ, ಆ ಮೋಸ ನಿಜವೂ ಹೌದು. 2018ರ ಜನವರಿಯಲ್ಲಿ ಇಂಥವರ ಪಾಸ್‌ಪೋರ್ಟಿಗೆ ಕಿತ್ತಳೆ ಬಣ್ಣದ ಹೊದಿಕೆ ಹಾಕುವ ಯೋಚನೆ ಬಂದಾಗ ಮಾತ್ರ ಕಾಪಾಡುವುದಕ್ಕೂ ಗುರುತು ಹಚ್ಚುವುದಕ್ಕೂ ಇರುವ ವ್ಯತ್ಯಾಸ ಮರೆತುಹೋಗಿತ್ತು. ಟೀಕೆ ಜೋರಾಗಿ, ತಿಂಗಳು ಮುಗಿಯುವುದರೊಳಗೆ ಅದನ್ನು ಕೈಬಿಟ್ಟದ್ದು ಒಳ್ಳೆಯದಾಯಿತು.

ಒಳಬಾಗಿಲು ಸಡಿಲವಾಗುತ್ತಿದ್ದ ಕಾಲದಲ್ಲೇ ಹೊರಬಾಗಿಲುಗಳು ಮುಚ್ಚತೊಡಗಿದ್ದವು. 1962ರಲ್ಲಿ ಬ್ರಿಟನ್ ಕಾಮನ್‌ವೆಲ್ತ್ ವಲಸೆಗೆ ಕಡಿವಾಣ ಹಾಕಿತು. 1986ರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೈಜೀರಿಯಾ, ಘಾನಾ ದೇಶದವರು ಭೇಟಿಗೆ ಬರುವುದಕ್ಕೂ ವೀಸಾ ಬೇಕೆಂದಿತು. ಯುರೋಪು ತನ್ನೊಳಗಿನ ಗಡಿಗಳನ್ನು ತೆಗೆದುಹಾಕುವ ಷೆಂಗೆನ್ ಒಪ್ಪಂದ 1995ರಲ್ಲಿ ಜಾರಿಗೆ ಬಂತು. ಒಳಗಿನ ಗೋಡೆ ಬಿದ್ದಷ್ಟೂ ಹೊರಗಿನ ಗೋಡೆ ಎತ್ತರವಾಯಿತು, ಏಕೆಂದರೆ ಒಂದು ಕಡೆ ಒಳಬಂದವರು ಎಲ್ಲಿಗಾದರೂ ಹೋಗಬಹುದು.

ಈ ಲೆಕ್ಕ ಹೇಗೆ ನಡೆಯುತ್ತದೆ ಎಂಬುದಕ್ಕೆ ಸರ್ಬಿಯಾ ಒಳ್ಳೆಯ ಉದಾಹರಣೆ. 2017ರಲ್ಲಿ ಅದು ಭಾರತೀಯರಿಗೆ ವೀಸಾ ತೆಗೆದುಹಾಕಿತು. ಕೆಲವರು ಅಲ್ಲಿಗೆ ಇಳಿದು ಕಳ್ಳದಾರಿಯಲ್ಲಿ ಐರೋಪ್ಯ ಒಕ್ಕೂಟದೊಳಗೆ ಹೋಗತೊಡಗಿದರು. ಒಕ್ಕೂಟ ಒತ್ತಡ ಹಾಕಿತು, 2023ರ ಜನವರಿ 1ರಿಂದ ವೀಸಾ ವಾಪಸಾಯಿತು. ಹಾಂಗ್‌ಕಾಂಗ್ ಕೂಡ ಬಂದವರು ಆಶ್ರಯ ಕೋರುತ್ತಾರೆಂಬ ಕಾರಣ ಕೊಟ್ಟು 2017ರಿಂದ ಭಾರತೀಯರಿಗೆ ಮುಂಗಡ ನೋಂದಣಿ ಕಡ್ಡಾಯ ಮಾಡಿತು. ಇರಾನಿನದು ಇನ್ನೂ ನೋವಿನ ಕಥೆ: 2024ರಲ್ಲಿ ವೀಸಾ ಇಲ್ಲದೆ ಬನ್ನಿ ಎಂದ ದೇಶ 2025ರ ನವೆಂಬರ್‌ನಲ್ಲಿ ಆ ಸೌಲಭ್ಯ ನಿಲ್ಲಿಸಿತು. ಕೆಲಸದ ಆಸೆ ತೋರಿಸಿ ಕರೆದೊಯ್ದು ನಮ್ಮವರನ್ನು ಒತ್ತೆಯಿಡುವ ಜಾಲಗಳು ಆ ದಾರಿಯನ್ನು ಬಳಸಿಕೊಂಡಿದ್ದವು.

ತೆರೆಯುವ ಬಾಗಿಲುಗಳೂ ಇವೆ. ಕೋವಿಡ್ ನಂತರ ಪ್ರವಾಸಿಗರಿಗಾಗಿ ಕಾದಿದ್ದ ಥಾಯ್ಲೆಂಡ್, ಮಲೇಷ್ಯಾ 2023ರ ಕೊನೆಯಲ್ಲಿ ಭಾರತೀಯರಿಗೆ ವೀಸಾ ಕೈಬಿಟ್ಟವು, 2025ರಲ್ಲಿ ಫಿಲಿಪ್ಪೀನ್ಸ್ ಸೇರಿತು. ನೇಪಾಳ, ಭೂತಾನಿಗೆ ಮತದಾರರ ಗುರುತಿನ ಚೀಟಿ ಇದ್ದರೂ ಸಾಕು. ಇನ್ನು, ಮುಂಚಿತವಾಗಿ ವೀಸಾ ಪಡೆಯದೆ ಎಷ್ಟು ತಾಣಗಳಿಗೆ ಹೋಗಬಹುದು ಎಂಬುದರ ಮೇಲೆ ಪಾಸ್‌ಪೋರ್ಟ್‌ಗಳಿಗೆ ಸ್ಥಾನ ಕೊಡುವ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಹೆನ್ಲಿ ಸೂಚ್ಯಂಕದ ಬಗ್ಗೆ ಒಂದು ಮಾತು. 2025ರ ಆರಂಭದಲ್ಲಿ 85ನೇ ಸ್ಥಾನದಲ್ಲಿದ್ದ ಭಾರತ ಜುಲೈನಲ್ಲಿ 77ಕ್ಕೆ ಏರಿತು ಎಂದು ಸಂಭ್ರಮ ನಡೆಯಿತು. ಅಷ್ಟರಲ್ಲಿ ಹೆಚ್ಚಿದ್ದು ಎರಡೇ ತಾಣ, 57 ಇದ್ದದ್ದು 59 ಆಗಿತ್ತು. ಸ್ಥಾನಕ್ಕಿಂತ ತಾಣಗಳ ಸಂಖ್ಯೆಯನ್ನೇ ನೋಡುವುದು ಮೇಲು.

ಬೇರೆಯವರ ಬಾಗಿಲಿನ ಬಗ್ಗೆ ದೂರುವಾಗ ನಮ್ಮದನ್ನೂ ನೋಡಬೇಕು. ಪ್ರವಾಸಕ್ಕೆ ಬರುವವರ ಪೈಕಿ ಭಾರತ ವೀಸಾ ಕೇಳದೇ ಬಿಡುವುದು ನೇಪಾಳ, ಭೂತಾನ್, ಮಾಲ್ಡೀವ್ಸ್ ಪ್ರಜೆಗಳನ್ನು ಮಾತ್ರ. ಉಳಿದವರಲ್ಲಿ ಹಲವು ದೇಶದವರಿಗೆ 2014ರಿಂದ ಇ-ವೀಸಾ ಬಂದು ಸಲೀಸಾಗಿದೆ, ಆದರೂ ಅದು ವೀಸಾನೇ.

ಇಷ್ಟೆಲ್ಲದರ ಭಾರ ಬೀಳುವುದು ಅರ್ಜಿ ಹಾಕುವ ಒಬ್ಬೊಬ್ಬರ ಮೇಲೆ. 2024ರಲ್ಲಿ ಭಾರತದಿಂದ ಹೋದ ಷೆಂಗೆನ್ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು, ತಿರಸ್ಕೃತವಾದವು ಸುಮಾರು 1.65 ಲಕ್ಷ. ಆ ವರ್ಷ ಜೂನ್‌ನಿಂದ ಶುಲ್ಕ 90 ಯೂರೊ, ತಿರಸ್ಕರಿಸಿದರೆ ಅದು ಹಿಂದಿರುಗುವುದಿಲ್ಲ. ಹೆಸರೂ ಕೆಲವೊಮ್ಮೆ ಅಡ್ಡಿಯಾಗುತ್ತದೆ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ಲಾಗಿ ನಿಲ್ಲುವುದು ರೂಢಿ. ಹೀಗಾಗಿ ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಬಿಟ್ಟವರು 2022ರ ನವೆಂಬರ್‌ನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟ್‌ಗಳಿಗೆ ಪ್ರವೇಶವಿಲ್ಲ ಎಂದಾಗ ಗಾಬರಿಯಾದರು. ತಂದೆಯ ಹೆಸರು ಎರಡನೇ ಪುಟದಲ್ಲಿದ್ದರೆ ಆದೀತು ಎಂಬ ವಿವರಣೆ ಆಮೇಲೆ ಬಂತು.

2024ರ ಏಪ್ರಿಲ್‌ನಲ್ಲಿ ಐರೋಪ್ಯ ಒಕ್ಕೂಟ ಭಾರತದಲ್ಲಿ ವಾಸಿಸುವ ಭಾರತೀಯರಿಗೆ ಹೊಸ ನಿಯಮ ತಂದಿತು. ಮೂರು ವರ್ಷದಲ್ಲಿ ಎರಡು ಸಲ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ ಸಿಗಬಹುದು. ಹೋಗಿ ಬಂದವರ ಮೇಲೆ ನಂಬಿಕೆ ಇಡುವ ಈ ದಾರಿ ನನಗೆ ಇಷ್ಟವಾಗುತ್ತದೆ. ಮಗಳ ಬಾಣಂತನಕ್ಕೆಂದು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು, ಖಾಲಿ ಪುಟಗಳ ಪುಸ್ತಕ ಹಿಡಿದು ವೀಸಾ ಕೇಂದ್ರದಲ್ಲಿ ಕೂತ ತಾಯಿಗೆ ಮಾತ್ರ ಆ ನಿಯಮದಿಂದ ಏನೂ ದಕ್ಕುವುದಿಲ್ಲ. ಆಕೆ ಹಿಂದಿರುಗುತ್ತಾಳೆಂದು ತೋರಿಸಲು ಹೊಲದ ಪಹಣಿಯನ್ನೋ ಮನೆ ಪತ್ರವನ್ನೋ ಇಂಗ್ಲಿಷಿಗೆ ಮಾಡಿಸಿ ಅರ್ಜಿಯ ಜೊತೆ ಲಗತ್ತಿಸಬೇಕು.