ಫೇಸ್‌ಲಿಫ್ಟ್ ಗಾಯ ಮಾಯುವ ಬಗೆ: ಎಳೆತ ಎಲ್ಲಿದೆ ಎಂದು ಮೊದಲು ನೋಡಿ

ಗಾಯ ಮಾಯುವ ಹಂತಗಳನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ. ಒಂದು ನಿಜವಾದ ಗಾಯದ ಜೊತೆ ಓದಿದರೆ ಉಳಿಯುತ್ತದೆ. ನನಗೆ ಫೇಸ್‌ಲಿಫ್ಟ್, ಅಂದರೆ ಜೋತುಬಿದ್ದ ಮುಖವನ್ನು ಬಿಗಿ ಮಾಡುವ ಆಪರೇಷನ್, ಹಾಗೆ ಸಹಾಯ ಮಾಡಿತು.

ಕೊಯ್ಯುವ ಗೆರೆ ಕಣತಲೆಯ ಕೂದಲಿನಿಂದ ಶುರುವಾಗುತ್ತದೆ. ಕಿವಿಯ ಮುಂದೆ ಇಳಿದು, ಹಾಲೆಯನ್ನು ಸುತ್ತಿ, ಕಿವಿಯ ಹಿಂದಿನಿಂದ ಮತ್ತೆ ಕೂದಲೊಳಗೆ ಸೇರುತ್ತದೆ. ಮೊದಲ 24 ಗಂಟೆಯಲ್ಲಿ ಚರ್ಮದಡಿ ರಕ್ತ ತುಂಬಿಕೊಳ್ಳುವ ಭಯ ಜಾಸ್ತಿ. ಅದಕ್ಕೇ ಬಿಪಿ ಮೇಲೆ ಅಷ್ಟು ಕಣ್ಣು. ಆಮೇಲೆ ಕೆಲವು ದಿನ ಬಾವು. ನಂತರ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು ಬಂದು ಅವಸರದಲ್ಲಿ ಟೈಪ್ 3 ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಹೆಣೆಯುತ್ತವೆ. ಸುಮಾರು 3 ವಾರದಿಂದ ಅದರ ಜಾಗಕ್ಕೆ ಗಟ್ಟಿಯಾದ ಟೈಪ್ 1 ಬರತೊಡಗುತ್ತದೆ.

ಈಗ ಬಲದ ಲೆಕ್ಕ ನೋಡಿ. ಒಂದು ವಾರದ ಗಾಯಕ್ಕೆ ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ 3ರಷ್ಟು ಮಾತ್ರ ಇರುತ್ತದೆ. 3 ವಾರಕ್ಕೆ ಸುಮಾರು 20. ತಿಂಗಳುಗಳು ಕಳೆದ ಮೇಲೂ 80ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೂ ಕಿವಿಯ ಮುಂದಿನ ಹೊಲಿಗೆಯನ್ನು ಸಾಮಾನ್ಯವಾಗಿ 5ರಿಂದ 7 ದಿನಕ್ಕೇ ಬಿಚ್ಚುತ್ತಾರೆ. ಹಾಗಾದರೆ ಗಾಯ ಬಾಯಿ ಬಿಡುವುದಿಲ್ಲ ಯಾಕೆ? ನಾನು ಇಲ್ಲೇ ಬಹಳ ಹೊತ್ತು ನಿಂತೆ. ಉತ್ತರ ಒಳಗಿದೆ. 1976ರಲ್ಲಿ ಮಿಟ್ಜ್ ಮತ್ತು ಪೇರೋನಿ ಎಂಬ ವೈದ್ಯರು ಮುಖದ ಚರ್ಮದ ಕೆಳಗಿನ ಒಂದು ಪದರವನ್ನು ವಿವರಿಸಿದರು. ಅದೇ ಸ್ಮಾಸ್. ಎಳೆದು ಬಿಗಿಯುವುದು ಆ ಪದರವನ್ನು. ಮೇಲಿನ ಚರ್ಮವನ್ನು ಸಡಿಲವಾಗಿ ಕೂಡಿಸಿದರೆ ಸಾಕು. ಎಳೆತವನ್ನೆಲ್ಲ ಚರ್ಮದ ಮೇಲೆಯೇ ಹಾಕಿದರೆ ಕಲೆ ಅಗಲವಾಗುತ್ತದೆ, ಕಿವಿಯ ಹಾಲೆ ಕೆನ್ನೆಯ ಕಡೆ ಜಗ್ಗಿಹೋಗುತ್ತದೆ. ಆ ಜಗ್ಗಿದ ಹಾಲೆಗೆ ಪಿಕ್ಸಿ ಇಯರ್ ಎಂದು ಹೆಸರು.

ಕಿವಿಯ ಹಿಂದಿನ ಚರ್ಮದ ತುದಿಗೆ ರಕ್ತ ಬಹಳ ದೂರದಿಂದ ಬರಬೇಕು. ಸಿಗರೇಟಿನ ನಿಕೋಟಿನ್ ರಕ್ತನಾಳಗಳನ್ನು ಇನ್ನೂ ಕಿರಿದು ಮಾಡುತ್ತದೆ. ಹಾಗಾಗಿ ಸೇದುವವರಲ್ಲಿ ಆ ಚರ್ಮ ಸಾಯುವ ಅಪಾಯ ಹೆಚ್ಚು.

ಆರನೇ ವಾರದಿಂದ ಮೂರನೇ ತಿಂಗಳವರೆಗೆ ಕಲೆ ಕೆಂಪಗೆ, ಗಡುಸಾಗಿ ಕಾಣಬಹುದು. ಕೈಗೆ ಗಂಟುಗಂಟಾಗಿ ಸಿಗಬಹುದು. ಕೆಟ್ಟುಹೋಯಿತು ಎಂದು ರೋಗಿ ಹೆದರುವುದು ಆಗಲೇ. ಪಾಪ, ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ, ಅಲ್ವಾ? ಒಳಗೆ ಕೊಲಾಜನ್ ಕೆಲಸ ಜೋರಾಗಿ ನಡೆಯುತ್ತಿರುತ್ತದೆ, ಅಷ್ಟೇ. ತೆಳ್ಳಗೆ ಬಿಳಿಚಿಕೊಳ್ಳಲು ಒಂದು ವರ್ಷವೂ ಬೇಕಾಗಬಹುದು.

ಉಬ್ಬಿದ ಕಲೆ ಗಾಯದ ಗೆರೆಯೊಳಗೇ ಇದ್ದರೆ ಅದು ಹೈಪರ್‌ಟ್ರೋಫಿಕ್. ಗೆರೆ ದಾಟಿ ಬೆಳೆದರೆ ಕೆಲಾಯ್ಡ್. ಕಪ್ಪು ಮೈಬಣ್ಣದವರಲ್ಲಿ ಕೆಲಾಯ್ಡ್ ಜಾಸ್ತಿ. ನಮ್ಮ ಕಡೆ ಕಿವಿ ಚುಚ್ಚಿಸಿಕೊಂಡವರೇ ಹೆಚ್ಚು. ಚುಚ್ಚಿದ ಜಾಗದಲ್ಲಿ ಗಂಟು ಬೆಳೆದಿತ್ತಾ ಎಂದು ಆಪರೇಷನ್‌ಗೆ ಮೊದಲೇ ಕೇಳಿ. ಕೆಲಾಯ್ಡನ್ನು ಸುಮ್ನೆ ಕತ್ತರಿಸಿ ತೆಗೆದರೆ ಅದು ಬಹಳ ಸಲ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ.