ಮಗಳ ಕವಿತೆಯಲ್ಲಿ ಎಷ್ಟು ‘ನಾನು’?

ಕೆಲವು ತಿಂಗಳ ಹಿಂದೆ ಒಬ್ಬ ಅಪ್ಪ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಹಿಡಿದುಕೊಂಡು ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದರು. ಎಲ್ಲವೂ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಕವಿತೆಗಳು. ‘ನಾನು’ ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದರು. “41 ಸಲ ಇದೆ ಮೇಡಂ” ಎಂದರು. ಧ್ವನಿ ನಡುಗುತ್ತಿತ್ತು. (ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಹೀಗೆ ಎಣಿಸಿಕೊಂಡು ಬಂದವರಲ್ಲಿ ಅವರು ಮೊದಲಿಗರಲ್ಲ. ‘ನಾನು’ ಜಾಸ್ತಿ ಬರೆಯುವ ಮಕ್ಕಳಿಗೆ ಖಿನ್ನತೆ ಎಂಬ ಮೆಸೇಜ್ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತದೆ. ಅದರ ಹಿಂದೆ ಒಂದು ನಿಜವಾದ ಅಧ್ಯಯನ ಇದೆ. 2001ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟರ್ಮನ್ ಮತ್ತು ಪೆನ್ನೆಬೇಕರ್ ಸುಮಾರು 300 ಕವಿತೆಗಳ ಪದಗಳನ್ನು ಕಂಪ್ಯೂಟರ್‌ನಲ್ಲಿ ಎಣಿಸಿದರು. ಆತ್ಮಹತ್ಯೆ ಮಾಡಿಕೊಂಡ 9 ಕವಿಗಳು, ಮಾಡಿಕೊಳ್ಳದ 9 ಕವಿಗಳು. ಮೊದಲ ಗುಂಪಿನವರಲ್ಲಿ ‘ನಾನು’ ಜಾಸ್ತಿ ಸಿಕ್ಕಿತು, ‘ನಾವು’ ಕಡಿಮೆ ಸಿಕ್ಕಿತು.

ಅದು ಎರಡು ಗುಂಪುಗಳ ನಡುವಿನ ವ್ಯತ್ಯಾಸ. ನಿಮ್ಮ ಮಗಳ ಒಂದು ಕವಿತೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಯಲುಸೀಮೆಗಿಂತ ಮಲೆನಾಡಿನಲ್ಲಿ ಮಳೆ ಜಾಸ್ತಿ, ನಿಜ. ಹಾಗಂತ ನೆನೆದುಕೊಂಡು ಬಂದವರೆಲ್ಲ ಮಲೆನಾಡಿನವರು ಎನ್ನೋಕಾಗುತ್ತಾ?

ಇನ್ನೊಂದು ಮಾತು. ಅವರು ಎಣಿಸಿದ್ದು ಇಂಗ್ಲಿಷ್ ಪದಗಳನ್ನು. ಇಂಗ್ಲಿಷ್‌ನಲ್ಲಿ ‘ನಾನು’ ಬಿಟ್ಟರೆ ವಾಕ್ಯ ಕುಂಟುತ್ತದೆ. ಕನ್ನಡದಲ್ಲಿ ‘ಕಾದಿದ್ದೇನೆ’ ಎಂದರೆ ಸಾಕು, ಕಾದದ್ದು ನಾನೇ. ನಿದ್ದೆ ಬರದೆ ನರಳುವ ಹುಡುಗಿ ಒಂದೂ ‘ನಾನು’ ಇಲ್ಲದೆ ಇಡೀ ಕವಿತೆ ಬರೆಯಬಹುದು. ಚೆನ್ನಾಗಿ ಉಂಡು ಮಲಗುವವಳು ಲಯಕ್ಕೆಂದು ಹತ್ತು ಸಲ ಹಾಕಬಹುದು. ಕೆಂಪು ಪೆನ್ನಿಗೆ ಇದು ಕಾಣೋದಿಲ್ಲ.

ಅದಕ್ಕಿಂತ ಮುಖ್ಯ, ಕವಿತೆಯ ‘ನಾನು’ ಬರೆದವರೇ ಆಗಿರಬೇಕಿಲ್ಲ. ಬೇಂದ್ರೆಯವರು ಅಂಬಿಕಾತನಯದತ್ತ ಎಂಬ ಹೆಸರಲ್ಲಿ ಬರೆದದ್ದನ್ನು ಶಾಲೆಯಲ್ಲಿ ಓದಿದವರೇ ಮಗಳು ಬೇರೆ ಹೆಸರಲ್ಲಿ ತೆರೆದ ಅಕೌಂಟ್ ಕಂಡರೆ ಗಾಬರಿಯಾಗುತ್ತಾರೆ. ನನಗೆ ಬೇಸರ ಆಗೋದು ಇಲ್ಲೇ.

ಆ ಹಾಳೆಗಳಲ್ಲಿ ಅಪ್ಪನನ್ನು ಅತಿ ಹೆಚ್ಚು ಹೆದರಿಸಿದ್ದು ಎರಡು ಸಾಲು:

ಎರಡು ಗೆರೆ ನೀಲಿಯಾಯಿತು,
ನಾನಿನ್ನೂ ತಲುಪಿಲ್ಲ.

ಮುಂದಿನ ವಾರ ಮಗಳೂ ಬಂದಳು. ಆ ಸಾಲಿನ ‘ನಾನು’ ಯಾರು ಎಂದು ಕೇಳಿದೆ. ಪಿಜಿಯಲ್ಲಿ ಅವಳ ರೂಮ್‌ಮೇಟ್ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಾಳಂತೆ. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜ್‌ಗಳನ್ನೆಲ್ಲ ಓದುತ್ತಾರೆ, ಎರಡು ಗೆರೆ ನೀಲಿಯಾಗುತ್ತದೆ, ಯಾರೂ ಉತ್ತರ ಕೊಡೋದಿಲ್ಲ. ಆ ಹುಡುಗಿ ರಾತ್ರಿಯಿಡೀ ಆ ನೀಲಿ ಗೆರೆ ನೋಡುತ್ತಾ ಕೂರುವುದನ್ನು ಇವಳು ಪಕ್ಕದ ಮಂಚದಿಂದ ನೋಡಿದ್ದಳು. ಎಷ್ಟು ಒಳ್ಳೆಯ ಸಾಲು ಅದು! ಮೆಸೇಜ್ ತಲುಪಿತು, ಮನುಷ್ಯಳು ತಲುಪಲಿಲ್ಲ. ಈಗಿನ ಹುಡುಗರ ಆತಂಕವನ್ನು ನಾನು ರಿಪೋರ್ಟ್‌ನಲ್ಲಿ ಎರಡು ಪುಟ ಬರೆದರೂ ಇಷ್ಟು ಸರಿಯಾಗಿ ಹೇಳಲಾರೆ.

“ಹಾಗಾದ್ರೆ ಇವಳಿಗೇನೂ ಇಲ್ಲ ಅಲ್ವಾ?” ಎಂದರು ಅಪ್ಪ.

ನಾನು ಹಾಗೆ ಹೇಳಲಿಲ್ಲ. ಕವಿತೆ ನೋಡಿ ಕಾಯಿಲೆ ಇದೆ ಎನ್ನಲಾಗದು, ಇಲ್ಲ ಎನ್ನಲೂ ಆಗದು. ಸಾಯುವ ಮಾತು ಮತ್ತೆ ಮತ್ತೆ ಬಂದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ವಸ್ತುಗಳನ್ನು ಸುಮ್ನೆ ಹಂಚತೊಡಗಿದರೆ ಕಾಯಬೇಡಿ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎನ್ನುವುದು ತಪ್ಪು ನಂಬಿಕೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈ ಹುಡುಗಿಗೆ ಸಾಯುವ ಯೋಚನೆಯೇನೂ ಇರಲಿಲ್ಲ. ಆದರೆ ಕೇಳುತ್ತಾ ಹೋದಾಗ ಬೇರೆ ವಿಷಯ ಹೊರಬಂತು. ಕವಿತೆ ಹಾಕಿ ಒಂದು ಗಂಟೆ ಕಾಯುತ್ತಾಳೆ. ಲೈಕ್ ಸಾಲದಿದ್ದರೆ ಡಿಲೀಟ್ ಮಾಡುತ್ತಾಳೆ. ಆಮೇಲೆ, ನಾನು ಬರೆಯುವವಳೇ ಅಲ್ಲ ಎಂದುಕೊಂಡು ಬೆಳಗಿನ ಜಾವದವರೆಗೆ ಹೊರಳಾಡುತ್ತಾಳೆ. ನಾವು ಕೆಲಸ ಮಾಡಬೇಕಾದದ್ದು ಅಲ್ಲಿ. ಅಪ್ಪನ ಹಾಳೆಗಳಲ್ಲಿ ಇದರ ಸುಳಿವೇ ಇರಲಿಲ್ಲ. ಅಳಿಸಿದ ಕವಿತೆಯ ಸ್ಕ್ರೀನ್‌ಶಾಟ್ ಅವರಿಗೆ ಎಲ್ಲಿಂದ ಸಿಗಬೇಕು?

ಹೊರಡುವಾಗ ಅಪ್ಪ ಪ್ರಿಂಟ್‌ಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. “ಅಳಿಸಿದ್ದು ಯಾವುದಮ್ಮ? ನೆನಪಿದೆಯಾ?” ಎಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಲ್ಲೇ ಬಾಗಿಲ ಹತ್ತಿರ ನಿಂತು, ಫೋನ್ ನೋಡದೆ ಹೇಳತೊಡಗಿದಳು.